ಹೊಂಗೆಬೀದಿಯ ಹೆಣ್ಣು ಬೇಡವಂತೆ

ಮಗಳಿಗೆ ಗೊತ್ತಾಗಿದ್ದ ಸಂಬಂಧ ಕಳೆದ ತಿಂಗಳು ಮುರಿದುಬಿತ್ತು.

ಜಾತಕ ಕೂಡಲಿಲ್ಲವೇ? ಕೂಡಿತ್ತು. ಹುಡುಗಿ ಕಪ್ಪೇ? ನನ್ನಷ್ಟಿಲ್ಲ. ಊಟ ಉಪಚಾರದಲ್ಲಿ ಕೊರತೆಯಾಯಿತೇ? ಗಂಡಿನ ಅಪ್ಪ ಮತ್ತೆ ಮತ್ತೆ ಪಾಯಸ ಹಾಕಿಸಿಕೊಂಡು (ಸಕ್ಕರೆ ಕಂಟ್ರೋಲಿನ ಈ ಕಾಲದಲ್ಲಿ!) ಸಂತೋಷವಾಗಿಯೇ ಬಸ್ಸು ಹತ್ತಿದ್ದರು. ಮತ್ತೇನಾಯಿತು?

ಮಳವಳ್ಳಿಯ ಗಂಡಿನ ಮನೆಯಿಂದ ಬಂದ ಮಾತು ಇಷ್ಟೇ: "ಉಡುಗಿ ಒಳ್ಳೇಳೇ ಕಣಪ್ಪ. ಆದ್ರೆ ಒಂಗೆಬೀದಿ ಎಣ್ಣು ನಮ್ಮನೆಗೆ ಬ್ಯಾಡ."

ಹೊಂಗೆಬೀದಿ ಎಂದರೆ ಮಂಡ್ಯದಲ್ಲಿ ನಾನು ಬಾಡಿಗೆಗಿರುವ ಬೀದಿ. ಆ ತುದಿಗೊಂದು ಈ ತುದಿಗೊಂದು ಹೊಂಗೆಮರ. ಮಧ್ಯೆ ಹೆಂಚಿನ ಮನೆಗಳು, ಒಂದು ಕೊಳಾಯಿ, ಕೊಳಾಯಿ ಹತ್ತಿರ ಒಂದು ಜಗಳ. ಕಳ್ಳರಿಲ್ಲ, ಕುಡುಕರಿಲ್ಲ. (ಒಬ್ಬರಿದ್ದಾರೆ. ಆದರೆ ಅವರು ಹಾಡುವುದು ಚೆನ್ನಾಗಿರುತ್ತದೆ.) ಇಂಥ ಬಡಪಾಯಿ ಬೀದಿಯ ಮೇಲೆ ಮಳವಳ್ಳಿಯವರಿಗೆ ಏನು ಕೋಪ?

ಕೋಪ ಬರಿಸಿದವನು ಬೇರೆ ಯಾರೂ ಅಲ್ಲ, ನಾನು. ಇದೇ ಪತ್ರಿಕೆಯಲ್ಲಿ, ಇದೇ ಜಾಗದಲ್ಲಿ, ವಾರ ವಾರ, ಕೈಯಾರೆ.

ಹೇಗೆಂದು ಹೇಳುತ್ತೇನೆ. ನಗಬೇಡಿ. ನಗುವವರು ಹೆಣ್ಣು ಹೆತ್ತವರಲ್ಲ ಎಂದುಕೊಳ್ಳುತ್ತೇನೆ.

ಯುದ್ಧ ಜೋರಾಗಿದ್ದ ಕಾಲದಲ್ಲಿ ಇಂಗ್ಲಿಷ್ ಪೇಪರು ಓದುವ ಚಟ ನನಗೆ ಅಂಟಿತು. ರೈಲಿನಲ್ಲಿ ಬರುವ ಪೇಪರನ್ನು ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಕೂತು ನಾನು ಓದಿ ಹೇಳುವುದು, ನಾಲ್ಕು ಜನ ಕೇಳುವುದು, ಕೇಳಿದವರಲ್ಲಿ ಒಬ್ಬರು ನನಗೆ ಕಾಫಿ ಕೊಡಿಸುವುದು. ಮಿಡ್ಲ್ ಸ್ಕೂಲ್ ಮೇಷ್ಟ್ರಿಗೆ ಇದಕ್ಕಿಂತ ದೊಡ್ಡ ವೈಭವ ಎಲ್ಲಿಂದ ಬರಬೇಕು?

ಆ ಪೇಪರಿನಲ್ಲಿ ಆಗಾಗ ಒಂದು ಹೆಸರು ಬರುತ್ತಿತ್ತು. ವಿಲ್ಹೆಲ್ಮ್‌ಸ್ಟ್ರಾಸೆ. ಬರ್ಲಿನ್ ಪಟ್ಟಣದಲ್ಲಿ ಅದೊಂದು ಬೀದಿ. ಜರ್ಮನಿಯ ವಿದೇಶಾಂಗ ಖಾತೆ ಇದ್ದದ್ದು ಆ ಬೀದಿಯಲ್ಲಿ. ವರದಿಗಾರರಿಗೆ ಅಷ್ಟುದ್ದದ ಖಾತೆಯ ಹೆಸರು ಬರೆಯಲು ಬೇಸರವೋ ಏನೋ, ಬೀದಿಯ ಹೆಸರನ್ನೇ ಬರೆದುಬಿಡುತ್ತಿದ್ದರು. 'ವಿಲ್ಹೆಲ್ಮ್‌ಸ್ಟ್ರಾಸೆ ಸಿಟ್ಟಾಗಿದೆ.' 'ವಿಲ್ಹೆಲ್ಮ್‌ಸ್ಟ್ರಾಸೆ ಬಾಯಿ ಬಿಡುತ್ತಿಲ್ಲ.' ಲಂಡನ್ನಿನಲ್ಲೂ ಹಾಗೆಯೇ, ಡೌನಿಂಗ್ ಸ್ಟ್ರೀಟು. ಎಲಾ ಇವರ! ಕಲ್ಲುಮಣ್ಣಿನ ಬೀದಿ ಮುನಿಸಿಕೊಳ್ಳುವುದೇನು, ಒಳಗೊಳಗೇ ಮಸಲತ್ತು ಮಾಡುವುದೇನು! ಎಂಥಾ ಸ್ಟೈಲು!

ಬರ್ಲಿನ್ನಿಗೆ ಒಂದು ಬೀದಿ ಇರುವುದಾದರೆ ಮಂಡ್ಯಕ್ಕೆ ಬೇಡವೇ? ಇದು ನನ್ನ ತಲೆಗೆ ಹೊಳೆದ ಪ್ರಶ್ನೆ. ಹೊಳೆದ ದಿನ ತಲೆನೋವು ಬಂದು ಮಲಗಿದ್ದರೆ ಎಷ್ಟು ಚೆನ್ನಾಗಿತ್ತು.

ಆಗ ಲೆವಿ ಶುರುವಾಗಿತ್ತು. ರೈತರು ಬೆಳೆದ ಭತ್ತದಲ್ಲಿ ಮನೆಗಿಷ್ಟು ಬಿಟ್ಟು ಉಳಿದದ್ದನ್ನು ಸರ್ಕಾರ ಕಟ್ಟಿದ ಬೆಲೆಗೆ ಅಳೆದುಕೊಡಬೇಕು. ಅದನ್ನು ನೋಡಿಕೊಳ್ಳುವ ಕಚೇರಿ ನಮ್ಮ ಬೀದಿಯ ಕೊನೆಯ ದೊಡ್ಡ ಮನೆಯಲ್ಲಿ ಬಾಡಿಗೆಗೆ ಬಂದು ಕೂತಿತ್ತು. ಬೋರ್ಡಿನ ಮೇಲೆ ಅದರ ಹೆಸರು ಓದಿ ಮುಗಿಸುವಷ್ಟರಲ್ಲಿ ಉಸಿರು ಕಟ್ಟುತ್ತಿತ್ತು. ನಾನು ಪೆನ್ನು ತೆಗೆದೆ. 'ಈ ವಾರ ಹೊಂಗೆಬೀದಿ ಹುಬ್ಬು ಗಂಟಿಕ್ಕಿದೆ' ಎಂದು ಬರೆದೆ. 'ಹೊಂಗೆಬೀದಿಯ ಕಣ್ಣು ಈಗ ಮದ್ದೂರು ತಾಲ್ಲೂಕಿನ ಮೇಲೆ ಬಿದ್ದಿದೆ' ಎಂದು ಬರೆದೆ. ಸಂಪಾದಕರು ಬೆನ್ನು ತಟ್ಟಿದರು.

ಇನ್ನೊಂದು ಅನುಕೂಲವೂ ಇತ್ತು. ನಾನು ಸರ್ಕಾರದ ಸಂಬಳ ತಿನ್ನುವ ಮೇಷ್ಟ್ರು. ಕಚೇರಿಯ ಹೆಸರು ಹಿಡಿದು ಬರೆದರೆ ಯಾರಾದರೂ ಕರೆದು ಕೇಳಿಯಾರು. ಬೀದಿಯ ಹೆಸರು ಹಿಡಿದರೆ ಬೀದಿ ಎದ್ದು ಬಂದು ಜಗಳ ಕಾಯುತ್ತದೆಯೇ? ನನ್ನ ಧೈರ್ಯವೆಲ್ಲ ಇಷ್ಟೇ ಇತ್ತು, ಸ್ವಾಮಿ. ನೀವು ಅದನ್ನು ಶೈಲಿ ಎಂದು ಕರೆದಿರಿ, ನಾನೂ ಸುಮ್ಮನಿದ್ದೆ.

ಹೆಸರು ಹಬ್ಬಿತು ನೋಡಿ! ಹಳ್ಳಿಗಳಲ್ಲಿ ಅಕ್ಷರ ಬಲ್ಲವರೊಬ್ಬರು ಈ ಪತ್ರಿಕೆಯನ್ನು ಜಗಲಿಯ ಮೇಲೆ ಕೂತು ಓದುತ್ತಾರೆ, ಉಳಿದವರು ಕೇಳುತ್ತಾರೆ. ಮದ್ದೂರಿನಿಂದ ಮಳವಳ್ಳಿಯ ತನಕ ಲೆವಿಯವರು ಬಂದರು ಎನ್ನುವ ಮಾತೇ ಹೋಯಿತು. "ಒಂಗೆಬೀದಿಯೋರು ಬಂದವ್ರೆ, ವಾಡೆ ಬಾಯಿ ಮುಚ್ರಲಾ!" (ವಾಡೆ ಎಂದರೆ ನಮ್ಮ ಕಡೆ ಭತ್ತ ತುಂಬಿಡುವ ಆಳೆತ್ತರದ ಮಣ್ಣಿನ ಪಾತ್ರೆ. ಇದನ್ನು ಪೇಟೆಯ ಓದುಗರಿಗಾಗಿ ಹೇಳಿದೆ.) ಹಟ ಮಾಡುವ ಮಕ್ಕಳಿಗೆ ಗುಮ್ಮನ ಬದಲು ಹೊಂಗೆಬೀದಿಯನ್ನೇ ತೋರಿಸತೊಡಗಿದರು.

ಒಂದು ಸಲ ಮದ್ದೂರಿನ ಬಸ್ ಸ್ಟ್ಯಾಂಡಿನಲ್ಲಿ ಇಬ್ಬರು ಜಗಳವಾಡುತ್ತಿದ್ದರು. ಒಬ್ಬ ಇನ್ನೊಬ್ಬನಿಗೆ, "ನಿನ್ ಮನೆಗೆ ಒಂಗೆಬೀದಿ ನುಗ್ಗ!" ಎಂದು ಶಾಪ ಹಾಕಿದ. ನಾನು ಪುಳಕಗೊಂಡೆ. ನನ್ನ ಮಾತು ಜನರ ಬಾಯಲ್ಲಿ! ಮನೆಗೆ ಬಂದು ನನ್ನ ಹೆಂಡತಿಗೆ ಹೇಳಿದೆ.

"ಅಂದ್ರೆ ನಮ್ ಬೀದಿ ಎಸರಿಡ್ಕೊಂಡು ಬೈದ್ರು, ನೀವು ಉಬ್ಕೊಂಡು ಬಂದ್ರಿ," ಎಂದಳು ಅವಳು.

ಹೆಂಗಸರಿಗೆ ಸಾಹಿತ್ಯ ಅರ್ಥವಾಗುವುದಿಲ್ಲ ಎಂದು ಅಂದುಕೊಂಡೆ. ಅವಳಿಗೆ ಎಲ್ಲವೂ ಅರ್ಥವಾಗಿತ್ತು.

ಆಮೇಲೆ ಯುದ್ಧ ಮುಗಿಯಿತು. ಲೆವಿ ಮುಗಿಯಲಿಲ್ಲ. ಕಚೇರಿ ಮಾತ್ರ ನಮ್ಮ ಬೀದಿಯಿಂದ ಎದ್ದು ಸ್ಟೇಷನ್ನಿನ ಹಿಂದಕ್ಕೆ ಹೊರಟುಹೋಯಿತು, ಆ ದೊಡ್ಡ ಮನೆಯ ಸೂರು ಸೋರುತ್ತಿತ್ತಂತೆ. ಆಗಲಾದರೂ ನಾನು ಪೆನ್ನಿಗೆ ಕಡಿವಾಣ ಹಾಕಬಹುದಿತ್ತು. ಹಾಕಲಿಲ್ಲ. 'ಸ್ಟೇಷನ್ನಿನ ಹಿಂಭಾಗ ಹುಬ್ಬು ಗಂಟಿಕ್ಕಿದೆ' ಎಂದು ಬರೆದರೆ ಚೆನ್ನಾಗಿರುತ್ತದೆಯೇ, ನೀವೇ ಹೇಳಿ? ಕಚೇರಿ ಹೋಯಿತು, ಹೆಸರು ಉಳಿಯಿತು. ಹಳ್ಳಿಯಿಂದ ಬಂದವರು ಹೊಂಗೆಬೀದಿ ಎಲ್ಲಿ ಎಂದು ಕೇಳಿಕೊಂಡು ನಮ್ಮ ಬೀದಿಗೇ ಬರುತ್ತಿದ್ದರು, ಈಗಲೂ ಬರುತ್ತಾರೆ. ಮೊದಲು ಸಿಗುವುದು ನನ್ನ ಮನೆಯ ಜಗಲಿ. ಅಲ್ಲಿ ಗಂಟು ಇಳಿಸಿ, "ಸಾಹೇಬ್ರು ಎದ್ದವ್ರಾ?" ಎನ್ನುತ್ತಾರೆ. ಸಾಹೇಬರು ಎದ್ದು ಬಾವಿಕಟ್ಟೆಯಲ್ಲಿ ಹಲ್ಲುಜ್ಜುತ್ತಿರುತ್ತಾರೆ.

ಈಗ ಸಂಬಂಧದ ವಿಷಯಕ್ಕೆ ಬರುತ್ತೇನೆ. ನನ್ನ ಮಗಳು ನಾಗರತ್ನ. ಗಂಡು ಮಳವಳ್ಳಿಯ ಒಕ್ಕಲು ಮನೆಯವನು, ಮೆಟ್ರಿಕ್ ತನಕ ಓದಿ ಗದ್ದೆ ನೋಡಿಕೊಳ್ಳುತ್ತಿದ್ದಾನೆ. ಅಪ್ಪನ ಜೊತೆ ಹೆಣ್ಣು ನೋಡಲು ಬಂದವನು ತಲೆ ಎತ್ತಿದ್ದು ಒಂದೇ ಸಲ, ಎತ್ತಿದ ತಲೆಯನ್ನು ಇಳಿಸುವುದು ಮರೆತುಬಿಟ್ಟ. ಅವರು ಹೋದಮೇಲೆ ನಾಗರತ್ನಳನ್ನು ಕೇಳಿದರೆ, "ನಂಗೇನ್ ಗೊತ್ತು," ಎಂದು ಒಳಗೆ ಓಡಿದಳು. ಅಂದಿನಿಂದ ರಾಗಿ ಬೀಸುವಾಗ ಹಾಡು ಶುರುವಾಯಿತು. ಹೆತ್ತವರಿಗೆ ಅಷ್ಟು ಸಾಕಲ್ಲವೇ?

ಗಂಡಿನ ತಾಯಿ ಅವತ್ತು ಬಂದಿರಲಿಲ್ಲ, ಮನೆಯಲ್ಲಿ ಎಮ್ಮೆ ಕರು ಹಾಕಿತ್ತು. ಬೇಡ ಎಂದದ್ದು ಆ ತಾಯಿ. ಅವರದು ಆತಗೂರಿನ ತವರು, ಹಾಗಾಗಿ ಮಳವಳ್ಳಿಯಲ್ಲಿ ಎಲ್ಲರಿಗೂ ಅವರು ಆತಗೂರವ್ವ. ನಮ್ಮ ಕಡೆ ಪದ್ಧತಿಯೇ ಹಾಗೆ. ಸೊಸೆಯನ್ನು ಹೆಸರು ಹಿಡಿದು ಕೂಗುವವರು ಕಡಿಮೆ, ಅವಳು ಬಂದ ಊರಿನಿಂದ ಕೂಗುತ್ತಾರೆ. ಮದ್ದೂರಿನವಳು, ಕೊಪ್ಪದವಳು, ಹಲಗೂರವ್ವ. ಅಷ್ಟೇಕೆ, ಮುತ್ತತ್ತಿಯ ಆಂಜನೇಯನನ್ನೇ ನಾವು ಮುತ್ತತ್ತಿರಾಯ ಎನ್ನುತ್ತೇವೆ. ಆ ಮನೆಗೆ ಆಗಲೇ ಮಂಡ್ಯದಿಂದ ತಂದ ಹಿರಿಯ ಸೊಸೆಯೊಬ್ಬಳಿದ್ದಾಳೆ, ಮಂಡ್ಯದವಳು ಎಂಬ ಹೆಸರು ಅವಳ ಪಾಲಾಗಿದೆ. ಎರಡನೆಯವಳು ಬಂದರೆ ಬೀದಿಯ ಹೆಸರಿನಿಂದ ಕೂಗಬೇಕು. ಹೊಂಗೆಬೀದಿಯವಳು!

ಭತ್ತದ ಮನೆಯಲ್ಲಿ, ಬೆಳಿಗ್ಗೆ ಎದ್ದರೆ ಆ ಹೆಸರು.

ವಿಷಯ ತಿಳಿದ ದಿನ ಹಾಡು ನಿಂತಿತು. ಹೆಂಡತಿ ನನ್ನ ಜೊತೆ ಮಾತು ಬಿಟ್ಟಳು, ಅದು ಹೊಸದಲ್ಲ. ಆದರೆ ನಾಗರತ್ನ ತಟ್ಟೆ ಇಟ್ಟು ಎದುರಿಗೆ ನಿಂತು ಕೇಳಿದಳು: "ಅಪ್ಪಾ, ಬರೀವಾಗ ನಾನೂ ಈ ಬೀದೀಲೇ ಇದೀನಿ ಅಂತ ನಿಮಗೆ ನೆನಪಾಗ್ಲಿಲ್ವಾ?"

ಮಾತಿನ ಮಲ್ಲ ಎಂದು ನೀವೆಲ್ಲ ಕರೆಯುವ ಈ ಮನುಷ್ಯ ತಟ್ಟೆಯಲ್ಲಿ ಅನ್ನ ಬಿಟ್ಟು ಕೈತೊಳೆದು ಎದ್ದ.

ಮಾರನೆಯ ದಿನ ರಜ ಹಾಕಿ ಮಳವಳ್ಳಿ ಬಸ್ಸು ಹತ್ತಿದೆ. ಇದ್ದಿಲಿನ ಗ್ಯಾಸಿನ ಬಸ್ಸು, ಏರು ಬಂದಲ್ಲೆಲ್ಲ ಇಳಿದು ತಳ್ಳಬೇಕು. ತಳ್ಳುತ್ತ ತಳ್ಳುತ್ತ ಹೇಳಬೇಕಾದ ಮಾತನ್ನು ಹೊಂದಿಸಿಕೊಂಡೆ. ಮುಖದ ಮೇಲೆ ಮಸಿ ಹೊತ್ತು ಅವರ ಪಡಸಾಲೆಯಲ್ಲಿ ಕೂತೆ. ಗಂಡಸರು ಗದ್ದೆಗೆ ಹೋಗಿದ್ದರು. ಆತಗೂರವ್ವ ನೀರು ಕೊಟ್ಟು, ಕಂಬಕ್ಕೊರಗಿ ನಿಂತರು.

"ನೋಡಿ ಅವ್ವಾ," ಎಂದೆ, "ಇದು ದೊಡ್ಡ ದೊಡ್ಡ ದೇಶದಲ್ಲೆಲ್ಲ ಇರೋ ಸಂಪ್ರದಾಯ. ಬರ್ಲಿನ್ ಅಂತ ಒಂದೂರು. ಅಲ್ಲಿ ಒಂದು ಬೀದಿ. ಸರ್ಕಾರದ ಖಾತೆ ಅಲ್ಲಿತ್ತು ಅಂತ ಬೀದಿ ಹೆಸರನ್ನೇ ಖಾತೆಗೆ ಇಟ್ರು. ಹಾಗಂತ ಆ ಬೀದೀಲಿ ಇದ್ದೋರೆಲ್ಲ ಕೆಟ್ಟೋರಾ?"

"ಈಗೇನಾಗದೆ ಆ ಬೀದಿ?" ಎಂದರು ಆತಗೂರವ್ವ.

ನಾನು ಸುಳ್ಳು ಹೇಳಬಹುದಿತ್ತು. ಮೇಷ್ಟ್ರ ಬುದ್ಧಿ, ಪಾಠ ಕೇಳಿದರೆ ಸರಿಯಾದ ಉತ್ತರವೇ ಬಾಯಿಗೆ ಬರುತ್ತದೆ. "ಬಾಂಬು ಬಿದ್ದು ನೆಲಸಮ ಆಯ್ತು," ಎಂದೆ.

"ನೋಡುದ್ರಾ ಮತ್ತೆ!" ಎಂದು ಅವರು ಕೈ ತಿರುವಿದರು. "ಅಂತಾ ಬೀದಿ ಕತೆ ಇಡ್ಕೊಂಡು ಸಂಬಂದ ಬೆಳ್ಸೋಕೆ ಬಂದಿದ್ದೀರಲ್ಲ ಮೇಷ್ಟ್ರೆ! ನಮ್ ವಾಡೆ ಒಳಕ್ಕೆ ಕೋಲಾಕಿ ನೋಡುದ್ರು ಕಣಪ್ಪ. ನಮ್ಮತ್ತೆ ಮೆತ್ತಿದ್ ವಾಡೆ. ಅವತ್ತು ನಾನ್ ಊಟ ಮಾಡ್ನಿಲ್ಲ. ಈಗ ಸೊಸೆ ಕರ್ಯೋಕೆ ದಿನಾ ಆ ಎಸ್ರು ನನ್ ಬಾಯಲ್ ಬರ್ಬೇಕಾ?"

"ಅದು ಬರೀ ಬರಹದ ಮಾತು ಅವ್ವಾ."

"ಬರೆದೋರೂ ನೀವೇಯ, ನಂಬಬ್ಯಾಡಿ ಅನ್ನೋರೂ ನೀವೇಯ. ನಾವ್ಯಾವ್ದ ಇಡೀಬೇಕು?"

ಇದಕ್ಕೆ ಉತ್ತರ ನಿಮ್ಮಲ್ಲಿ ಯಾರಿಗಾದರೂ ಗೊತ್ತಿದೆಯೇ? ನಾನು ಮತ್ತೆ ಬಸ್ಸು ತಳ್ಳಿಕೊಂಡು ಮನೆಗೆ ಬಂದೆ.

ಬಂದವನು ಸುಮ್ಮನಿದ್ದೆನೇ? ಪತ್ರಿಕೆಯಲ್ಲಿ ಆದದ್ದನ್ನು ಪತ್ರಿಕೆಯಲ್ಲೇ ಸರಿಪಡಿಸುತ್ತೇನೆ ಎಂದು ಕೂತೆ. ಕಳೆದ ವಾರ ನೀವು ಓದಿದಿರಿ. 'ಹೊಂಗೆಬೀದಿ ಎಂದರೆ ಕಚೇರಿಯಲ್ಲ. ಹೊಂಗೆಬೀದಿಗೂ ಲೆವಿಗೂ ಸಂಬಂಧವಿಲ್ಲ. ಹೊಂಗೆಬೀದಿಯವರು ನಿಮ್ಮ ಹಾಗೆಯೇ ಜನ.' ಸಾಲು ಸಾಲಿಗೂ ಹೊಂಗೆಬೀದಿ. ಇಷ್ಟು ವರ್ಷ ಅರೆಬರೆ ಕೇಳಿಸಿಕೊಂಡಿದ್ದವರಿಗೂ ಅವತ್ತು ಹೆಸರು ಬಾಯಿಪಾಠವಾಯಿತು. ಹಳ್ಳಿಗಳಲ್ಲಿ ಅದನ್ನು ಹೇಗೆ ಅರ್ಥ ಮಾಡಿಕೊಂಡರು ಗೊತ್ತೇ? ಲೆವಿ ಇಲ್ಲವೆಂದು ಹೊಂಗೆಬೀದಿಯೇ ಹೇಳಿಕೆ ಕೊಟ್ಟಿದೆ! ಸರ್ಕಾರ ಇಲ್ಲ ಎಂದಿತೆಂದರೆ ಒಳಗೇನೋ ಇದೆ, ಹೋಗಿ ವಿಚಾರಿಸೋಣ ಎಂದು ಗುಂಪು ಗುಂಪಾಗಿ ಬಂದರು. ನಮ್ಮ ಜಗಲಿ ಸಾಲದೆ ಎದುರು ಮನೆಯ ಜಗಲಿಯೂ ತುಂಬಿತು. ಎದುರು ಮನೆಯವರು ನನ್ನ ಅಂಕಣದ ಬಗ್ಗೆ ಹೇಳಿದ ಅಭಿಪ್ರಾಯವನ್ನು ಸಂಪಾದಕರು ಅಚ್ಚು ಹಾಕಲಾರರು.

ಹೀಗೆ ಜಗಲಿ ತುಂಬಿದ್ದ ಮೊನ್ನೆಯ ಭಾನುವಾರ, ನಾನು ಒಳಗೆ ಕಿಟಕಿಯ ಬಳಿ ಕನ್ನಡಿ ಇಟ್ಟುಕೊಂಡು ಗಡ್ಡ ಹೆರೆದುಕೊಳ್ಳುತ್ತಿದ್ದೆ. ಒಂದು ಕೆನ್ನೆ ಮುಗಿದಿತ್ತು. ಹೊರಗೆ ನಾಗರತ್ನ ಬಂದವರಿಗೆಲ್ಲ ಮಜ್ಜಿಗೆ ಕೊಡುತ್ತ ದಿನದ ಪಾಠ ಒಪ್ಪಿಸುತ್ತಿದ್ದಳು.

"ಆಫೀಸು ಇಲ್ಲಿಲ್ಲ ಕಣಪ್ಪ. ಸ್ಟೇಷನ್ ಹಿಂದಕ್ಕೋಗದೆ. ಇವತ್ತು ಭಾನುವಾರ, ಬಾಗ್ಲು ತೆಗ್ಯಲ್ಲ. ದಣಿವಾರಿಸ್ಕೊಂಡು ಹೋಗಿ. ನೀವೂ ಕುಡೀರಿ ಅವ್ವಾ. ನಿಮ್ದ್ಯಾವೂರು? ನಿಮ್ಮೋರ ಭತ್ತಾನೂ ಜಾಸ್ತಿ ಬರ್ಕೊಂಡವ್ರಾ?"

"ಬರ್ಕೊಂಡಿದ್ರು ಕಣವ್ವ," ಎಂದಿತು ಒಂದು ದನಿ. "ಈಗ ನಾನು ಬಂದಿರೋದು ಬೀದಿ ನೋಡೋಕೆ."

ಕತ್ತಿ ಕೆನ್ನೆಯ ಮೇಲೇ ನಿಂತಿತು. ಕಿಟಕಿಯಲ್ಲಿ ಇಣುಕಿದೆ. ಸೆರಗು ಹೊದ್ದು, ಚೊಂಬು ಹಿಡಿದು, ಜಗಲಿಯ ಅಂಚಿನಲ್ಲಿ ಕೂತಿದ್ದಾರೆ ಆತಗೂರವ್ವ! ಮನೆ ನೋಡಲು ಬರುವ ಬೀಗರನ್ನು ಕಂಡಿದ್ದೇನೆ. ಬೀದಿ ನೋಡಲು ಬಂದವರನ್ನು ಕಂಡದ್ದು ಇದೇ ಮೊದಲು. ನಾಗರತ್ನ ಅವರನ್ನು ಎಂದೂ ಕಂಡವಳಲ್ಲ. ನಮ್ಮ ಜಗಲಿಗೆ ಬಂದವರನ್ನು ಭತ್ತದವರೆಂದೇ ತಿಳಿಯುವುದು ಅವಳಿಗೆ ಅಭ್ಯಾಸವಾಗಿಬಿಟ್ಟಿತ್ತು.

ನಾನು ಒಂದು ಕೆನ್ನೆಯ ಸೋಪಿನ ನೊರೆಯೊಂದಿಗೆ ಹೊರಗೆ ಓಡಿದೆ. "ಅವ್ವಾ, ಬನ್ನಿ ಬನ್ನಿ, ಒಳಗೆ ಬನ್ನಿ! ನಾಗಾ, ಮಳವಳ್ಳಿಯವರು ಕಣೇ!"

ನಾಗರತ್ನಳ ಕೈಯಲ್ಲಿದ್ದ ಮಜ್ಜಿಗೆ ಚೆಲ್ಲಿತು. ಅವಳ ಮುಖ ನೋಡಲು ನನಗೆ ಆಗಲಿಲ್ಲ.

ಆತಗೂರವ್ವ ಏಳಲಿಲ್ಲ. ನಾಗರತ್ನಳನ್ನು ಮೇಲಿಂದ ಕೆಳಗೆ ನೋಡಿದರು. "ದಿನಾ ಇಂಗೇಯ ಇಷ್ಟ್ ಜನಕ್ಕೂ ಮಜ್ಜಿಗೆ ಕೊಡ್ತೀಯಾ?"

"ದಾರಿ ತಪ್ಪಿ ಬತ್ತಾರಲ್ಲ," ಎಂದಳು ನಾಗರತ್ನ. "ದಾರಿ ತಪ್ಸಿರೋರು ನಮ್ಮಪ್ಪ."

ಬೀಗಿತ್ತಿಯಾಗಬೇಕಾದವರ ಎದುರು ನನ್ನ ಮಾನ ಹೀಗೆ ಹೋಯಿತು. (ಇದ್ದದ್ದಾದರೂ ಎಷ್ಟು?) ಆತಗೂರವ್ವ ಮಾತ್ರ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ನಗು ಮುಗಿದ ಮೇಲೆ ನಿಟ್ಟುಸಿರು ಬಿಟ್ಟರು.

"ನೀನು ಒಪ್ಪೋ ಅಂತಾ ಎಣ್ಣೇಯ ಕಣವ್ವ. ಆದ್ರೆ ನಿನ್ನ ಏನಂತ ಕೂಗ್ಲಿ, ಏಳು? ಆ ಎಸ್ರು ನನ್ ಬಾಯಲ್ ಬರಾಕಿಲ್ಲ."

"ನಂಗೆ ಹೆಸರಿಲ್ವಾ ಅವ್ವಾ? ನಾಗರತ್ನ ಅಂತ ಕೂಗಿ."

"ಸೊಸೇರ ಎಸರಿಡ್ದು ಕೂಗೋ ಪದ್ದತಿ ನಮ್ಮನೇಲಿಲ್ಲ."

ನಾನು ಕಣ್ಸನ್ನೆ ಮಾಡಿದೆ, ಸುಮ್ಮನಿರೇ ಎಂದು. ಅಪ್ಪನ ಮಾತು ಕೇಳುವ ಕಾಲ ಅವಳಿಗೆ ಮುಗಿದಿತ್ತು. "ನಿಮ್ ಹೆಸರೇನವ್ವಾ?" ಎಂದು ಕೇಳಿದಳು. ಅದರಲ್ಲಿ ಕೊಂಕಿರಲಿಲ್ಲ, ತಿಳಿದುಕೊಳ್ಳುವ ಆಸೆಯಷ್ಟೇ.

"ಆತಗೂರವ್ವ."

"ಅದು ಊರು. ನಿಮ್ ಹೆಸರು?"

ಜಗಲಿಯ ಮೇಲಿದ್ದವರೆಲ್ಲ ತಿರುಗಿ ನೋಡಿದರು. ಆತಗೂರವ್ವ ಚೊಂಬನ್ನು ಕೆಳಗಿಟ್ಟರು, ಮತ್ತೆ ಕೈಗೆತ್ತಿಕೊಂಡರು. ಯಾರೂ ತೆಗೆಯದ ಪೆಟ್ಟಿಗೆಯಿಂದ ಸೀರೆ ತೆಗೆಯುವ ಹಾಗೆ ಮೆಲ್ಲಗೆ ಹೇಳಿದರು.

"ನಿಂಗಾಜಮ್ಮ."

"ಎಷ್ಟು ಚೆನ್ನಾಗದೆ!" ಎಂದಳು ನನ್ನ ಮಗಳು.

"ಚೆನ್ನಾಗೇ ಅದೆ. ನಮ್ಮಪ್ಪ ಇಟ್ಟಿದ್ದು," ಎಂದರು ಅವರು. "ಮದ್ವೆ ದಿನ ಚಪ್ಪರದ ಕೆಳಗೆ ಕೂಗುದ್ರು. ಆಮೇಲೆ ಯಾರೂ ಕೂಗ್ನಿಲ್ಲ. ನಮ್ಮತ್ತೆ ಕೂಗ್ನಿಲ್ಲ, ಇವರೂ ಕೂಗ್ನಿಲ್ಲ. ತವರಲ್ಲಿ ಕೂಗೋರೂ ಓಗ್ಬುಟ್ರು." ಕಣ್ಣು ಒರೆಸಿಕೊಂಡರು. ಒರೆಸಿಕೊಂಡದ್ದನ್ನು ನಾವು ನೋಡಿದೆವೆಂದು ಸಿಟ್ಟು ಬಂದಿತು. "ಬುಡು, ನಾಗರತ್ನ ಅಂತ್ಲೇ ಕೂಗ್ತೀನಿ. ಯಾವೋನು ಏನಂದಾನು? ನನ್ ಮನೆ ಸೊಸೆ, ನನ್ ಬಾಯಿ!"

ಒಳಗಿನ ಬಾಗಿಲ ಸಂದಿನಲ್ಲಿ ಹೆಂಡತಿ ಸೆರಗಿನ ತುದಿ ಕಚ್ಚಿಕೊಂಡು ಅಳುತ್ತಿದ್ದಳು. ಜಗಲಿಯ ಮೇಲಿದ್ದ ಮುದುಕರೊಬ್ಬರು, "ಲೆವಿ ರದ್ದಾಯ್ತಾ ಸಾಮಿ?" ಎಂದು ನನ್ನನ್ನು ಕೇಳಿದರು. ಎಲ್ಲರೂ ಇಷ್ಟು ಸಂತೋಷಪಡುತ್ತಿರುವಾಗ ಪಾಪ, ಅವರು ಇನ್ನೇನು ತಿಳಿಯಬೇಕು?

ಆತಗೂರವ್ವ, ಅಲ್ಲ, ನಿಂಗಾಜಮ್ಮನವರು, ಊಟ ಮಾಡಿ ಎಲೆಯಡಿಕೆ ಹಾಕಿಕೊಂಡು ಹೊರಟರು. ನಾನು ಬಸ್ ಸ್ಟ್ಯಾಂಡಿನ ತನಕ ಕಳಿಸಿಕೊಡಲು ಹೋದೆ. (ಇನ್ನೊಂದು ಕೆನ್ನೆ ಹಾಗೆಯೇ ಇತ್ತು. ದಾರಿಯಲ್ಲಿ ಸಿಕ್ಕವರೆಲ್ಲ ನೋಡಿದರು, ಯಾರೂ ಹೇಳಲಿಲ್ಲ.) ನೆಮ್ಮದಿಯಿಂದ ನನ್ನ ನಾಲಿಗೆ ಸಡಿಲವಾಗಿತ್ತು. ಇನ್ನು ಮೇಲೆ ಬೀದಿಯ ಹೆಸರನ್ನು ಪತ್ರಿಕೆಯಲ್ಲಿ ಎತ್ತುವುದೇ ಇಲ್ಲ, ನಾಲ್ಕು ದಿನದಲ್ಲಿ ಜನ ಮರೆಯುತ್ತಾರೆ ಎಂದು ಭರವಸೆ ಕೊಟ್ಟೆ.

"ಮರ್ಯಾಕಿಲ್ಲ ಬುಡಿ," ಎಂದರು ಅವರು, ಬಸ್ಸು ಹತ್ತುತ್ತ. "ನಿಮ್ಗೆ ಆಗ್ಲೇ ಬಿದ್ದೋಗದೆ."

"ಏನು?"

"ಎಸ್ರು. ನೀವು ಅವತ್ತು ಮುಖಕ್ಕೆ ಮಸಿ ಬಳ್ಕೊಂಡು ಬಂದೋದ್ರಲ್ಲ, ಅವತ್ತಿಂದ ನಮ್ಮನೇಲಿ, ಕೇರೀಲಿ, ಎಲ್ರೂ ನಿಮ್ಮ ಒಂಗೆಬೀದಿ ಅಂತ್ಲೇ ಅನ್ನೋದು. ಒಂಗೆಬೀದಿ ಬಂದಿತ್ತಂತೆ, ಒಂಗೆಬೀದಿ ನೀರ್ ಕುಡ್ಕೊಂಡ್ ಓಯ್ತಂತೆ. ಅದನ್ನ ತಪ್ಸಾಕೆ ನನ್ ಕೈಲಾಗಾಕಿಲ್ಲ."

ಲಗ್ನ ಗೊತ್ತಾಗಿದೆ. ನನ್ನ ಮಗಳು ನಾಗರತ್ನಳಾಗಿಯೇ ಮಳವಳ್ಳಿಗೆ ಹೋಗುತ್ತಾಳೆ. ಅವಳಪ್ಪ ಮಾತ್ರ ಬದುಕಿರುವ ತನಕ ಬೀಗರೂರಿನಲ್ಲಿ ಲೆವಿ ಕಚೇರಿ.